ಕಾವುಗುಂಡಿನ ಮೇಲೆ ಕೈಯಿಟ್ಟು

ಮೊದಲು ನನ್ನ ಕಂಠದ ವಿಚಾರ ಹೇಳಿಬಿಡುತ್ತೇನೆ. ನಾನು ಹುಟ್ಟಿದ ದಿನ ಅತ್ತ ಅಳುವಿಗೆ ಮೂರು ಊರಾಚೆಯ ಎಮ್ಮೆಗಳು ಹಗ್ಗ ಕಿತ್ತುಕೊಂಡು ಓಡಿದವು. ಅವುಗಳಲ್ಲಿ ಎರಡು ಇನ್ನೂ ಸಿಕ್ಕಿಲ್ಲ. ಸುದ್ದಿ ಕೇಳಿದ ಮುನಿಸಿಪಾಲಿಟಿಯವರು ತೊಟ್ಟಿಲಿನ ಹತ್ತಿರಕ್ಕೇ ಬಂದು ನೌಕರಿಯ ಆರ್ಡರು ಇಟ್ಟು ಹೋದರು. ನೌಕರಿಯ ಹೆಸರು ಕಾವುಗಾರ. ನಮ್ಮ ತಾತ ಕಾವುಗಾರ, ಅಪ್ಪ ಕಾವುಗಾರ, ಈ ಜವರಪ್ಪನೂ ಕಾವುಗಾರ. ಊರಿನ ಹೆಸರು ಮಾತ್ರ ಕೇಳಬೇಡಿ. ಹೇಳಿದರೆ ನಾಳೆ ಬೆಳಿಗ್ಗೆಯೇ ನೀವೆಲ್ಲ ಬಸ್ಸು ಹತ್ತಿ ಬರುತ್ತೀರಿ, ನಮ್ಮಲ್ಲಿ ಅಷ್ಟು ಚಾಪೆಯಿಲ್ಲ.

ಪೇಟೆಯ ನಟ್ಟನಡುವೆ ಒಂದು ಕರಿಯ ಬಂಡೆಗುಂಡು ಇದೆ. ಅದೇ ಕಾವುಗುಂಡು. ಅದರ ಹತ್ತಿರ ನಿಂತು ಬಡಾಯಿ ಕೊಚ್ಚಿದರೆ ಬಿಸಿಯಾಗುತ್ತದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ತಣ್ಣಗಾಗುತ್ತದೆ. ಗುಂಡಿನ ಬೆನ್ನ ಮೇಲೆ ನೀರಿನ ತೊಟ್ಟಿ ಕಟ್ಟಿದ್ದಾರೆ. ತೊಟ್ಟಿ ಕುದಿದರೆ ಆವಿ, ಆವಿ ಚಕ್ರ ತಿರುಗಿಸಿದರೆ ಊರಿಗೆಲ್ಲ ದೀಪ. ಸಾಕವ್ವನ ಹೋಟೆಲಿನ ಇಡ್ಲಿ ಬೇಯುವುದು, ಹಿಟ್ಟಿನ ಗಿರಣಿ ಆಡುವುದು, ಆಸ್ಪತ್ರೆಯ ಬಾಣಂತಿ ಕೋಣೆಗೆ ಕೊಳವೆಯಲ್ಲಿ ಬೆಚ್ಚನೆ ಹರಿಯುವುದು, ಎಲ್ಲವೂ ಅದರ ಕೃಪೆ. ಗುಂಡು ಆರದಂತೆ ದಿನವೂ ಬಡಾಯಿ ಹೇಳಿ ಕಾಯಿಸುವುದೇ ಕಾವುಗಾರನ ಕೆಲಸ.

ಗುಂಡಿನ ಸುತ್ತ ಅರವತ್ತು ಮಾರು ದೂರದಲ್ಲಿ ಒಂದು ಸುಣ್ಣದ ಗೆರೆ. ಗೆರೆಯೊಳಗೆ ಸಾದಾ ಮಾತು ಆಡುವಂತಿಲ್ಲ. ಆಡಿದವರು ತೊಟ್ಟಿಗೆ ಹತ್ತು ಕೊಡ ನೀರು ಹೊರಬೇಕು. ಹಾಗಾಗಿ ನಮ್ಮೂರಲ್ಲಿ ಒಂದು ಬದನೆಕಾಯಿ ಕೊಳ್ಳುವುದೆಂದರೂ ಮಾತಿನ ಕಸರತ್ತು.

“ಏನವ್ವ, ಈ ಕಾಯೊಳಗೆ ಒಂದು ಸಂಸಾರ ಹೂಡ್ಬೋದಾ?”

“ಹೂಡೋದೇನು ಬಂತು, ಮಹಡೀನ ನೆಂಟರಿಗೆ ಬಿಟ್ಕೊಡ್ಬೋದು ಕಣವ್ವ!”

ಇಷ್ಟಾದ ಮೇಲೆ ಇಬ್ಬರೂ ಕಾಯಿ ಹಿಡಿದುಕೊಂಡು ಗೆರೆಯಾಚೆ ಹೋಗುತ್ತಾರೆ. “ಹುಳ ಇದೆಯಾ?” “ಎರಡರಲ್ಲಿ ಇದೆ.” ಮತ್ತೆ ಒಳಗೆ ಬಂದು ವ್ಯಾಪಾರ. ಯಾರಿಗೂ ಇದು ವಿಚಿತ್ರವೆನಿಸಿಲ್ಲ. ಶಾಲೆಯೂ ಗೆರೆಯೊಳಗೇ ಇದ್ದುದರಿಂದ ಮಗ್ಗಿಯೂ ಅದಕ್ಕೆ ತಕ್ಕಂತೆ: ಎರಡು ಒಂದಲ ಇಪ್ಪತ್ತು, ಎರಡು ಎರಡಲ ನಲವತ್ತು. ಪರೀಕ್ಷೆಯಲ್ಲಿ ಯಾರ ಉತ್ತರ ದೊಡ್ಡದೋ ಅವರು ಫಸ್ಟ್ ಕ್ಲಾಸು. ನಮ್ಮ ಮಕ್ಕಳು ಬೇರೆ ಊರಿನ ದರ್ಜಿಗೆ ಅಳತೆ ಹೇಳಿ ಅಂಗಿ ಹೊಲಿಸಿಕೊಂಡರೆ ಡೇರೆ ಹೊದ್ದು ಬರುತ್ತಿದ್ದರು. ಮಳೆಗಾಲಕ್ಕೆ ಆಗುತ್ತದೆಂದು ನಾವು ಮಡಿಸಿಡುತ್ತಿದ್ದೆವು.

ಚುನಾವಣೆ ಬಂತೆಂದರೆ ನಮಗೆ ಸುಗ್ಗಿ. ಉಮೇದುವಾರರೆಲ್ಲ ಗುಂಡಿನ ಮೇಲೆ ಒದ್ದೆ ಗೋಣಿ ಹಾಸಿ, ಅದರ ಮೇಲೆ ಕೈಯಿಟ್ಟು ಭಾಷಣ ಮಾಡಬೇಕೆಂಬುದು ರಿವಾಜು; ಆ ಭಾಷಣಕ್ಕೆ ಮಾತ್ರ ನೀರಿನ ದಂಡವಿಲ್ಲ. ಗೋಣಿಯಿಲ್ಲದೆ ಇಟ್ಟರೆ ಅಂಗೈ ರೊಟ್ಟಿ. ಆ ಮೂರು ವಾರದಲ್ಲಿ ಹೆಂಗಸರು ವರ್ಷದ ಭತ್ತವೆಲ್ಲ ಬೇಯಿಸಿಕೊಳ್ಳುವರು, ಕಂಬಳಿಗಳನ್ನು ಬಿಸಿನೀರಿಗೆ ಅದ್ದುವರು. ಮೂರು ಸಲ ಗೆದ್ದ ಅಧ್ಯಕ್ಷ ಬೋರಲಿಂಗಯ್ಯ ಬಾಯಿ ತೆರೆದರೆ ಸಾಕು, ಆಕಾಶದಲ್ಲಿ ಹೋಗುವ ಕೊಕ್ಕರೆ ಬೆಂದು ಕೆಳಕ್ಕೆ ಬೀಳುತ್ತಿತ್ತು. ನಾನೇ ಒಂದನ್ನು ತಿಂದಿದ್ದೇನೆ. ಉಪ್ಪು ಕೊಂಚ ಕಡಿಮೆಯಿತ್ತು.

ಆ ವರ್ಷ ಅವನೆದುರು ಅಂಬುಜಾಕ್ಷಿ ಟೀಚರು ನಿಂತರು. ಗೆರೆಯಾಚೆ, ಹುಣಸೆಮರದ ಕೆಳಗೆ, ಬಂದಷ್ಟು ಮಕ್ಕಳಿಗೆ ಇಪ್ಪತ್ತೇಳು ವರ್ಷ ಸಾದಾ ಮಗ್ಗಿ ಹೇಳಿಕೊಟ್ಟವರು. ಸಣ್ಣ ಆಳು, ಕಂಕುಳಲ್ಲಿ ಸದಾ ಒಂದು ಛತ್ರಿ. ಮೊದಲ ದಿನ ಸಭೆಗೆ ನಾಲ್ಕು ಸಾವಿರ ಜನ ಸೇರಿದ್ದರು, ಅಂದರೆ ನಾನೂರು. ಟೀಚರು ಗೋಣಿಯ ಮೇಲೆ ಕೈಯಿಟ್ಟರು.

“ಈ ಗುಂಡು ಯಾಕೆ ಬಿಸಿಯಾಗುತ್ತೆ ಅಂತ ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ದಿನಾ ಅಳೆದು ಬರೆದಿಟ್ರೆ ಒಂದಿನ ಗೊತ್ತಾಗಬಹುದು. ಆಗದೇನೂ ಇರಬಹುದು. ಗೆದ್ದರೆ ಅಳೆಸ್ತೀನಿ, ಅದು ವಿಜ್ಞಾನದ ಬಗ್ಗೆ ನನ್ನ ಮಾತು. ದೀಪದ್ದು ಹೇಳೋದಾದ್ರೆ, ನಾಲೆ ಧುಮುಕೋ ಕಡೆ ಒಂದು ನೀರಿನ ಚಕ್ರ ಹಾಕಬಹುದು. ಊರಿನ ಅರ್ಧ ದೀಪ ಉರಿಯುತ್ತೆ. ಅರ್ಧ ಮಾತ್ರ. ಬೇಸಿಗೇಲಿ ಅದೂ ಕಷ್ಟ.”

ಗುಂಡಿನೊಳಗೆ ಟಕ್ ಎಂದು ಸದ್ದಾಯಿತು. ತೊಟ್ಟಿಯ ಕುದಿ ನಿಂತಿತು. ದೀಪಗಳು ಬೆಲ್ಲದ ಬಣ್ಣಕ್ಕೆ ತಿರುಗಿದವು.

“ಮೂರನೇದು ಶಾಲೆ,” ಎಂದರು ಟೀಚರು. “ಅದನ್ನ ಗೆರೆಯಾಚೆಗೆ ಕಟ್ತೀನಿ. ಅಲ್ಲಿ ಮಕ್ಕಳು ಎರಡು ಎರಡಲ—”

“ನಲವತ್ತು ಅನ್ರಮ್ಮಾ!” ಎಂದು ಹಿಂದಿನಿಂದ ಯಾರೋ ಗೋಗರೆದರು.

“—ನಾಲ್ಕು ಅಂತ ಕಲೀತಾರೆ.”

ದೀಪ ಆರಿತು. ಹೋಟೆಲಿನ ಬಾಗಿಲಿಗೆ ಸಾಕವ್ವ ಸೌಟು ಹಿಡಿದು ಬಂದು ನಿಂತಳು. “ಟೀಚರಮ್ಮೋ, ಇನ್ನೊಂದೇ ಒಂದು ನಿಜ ಆಡಿದ್ರೆ ನನ್ನ ಇಡ್ಲಿ ಹಿಟ್ಟಾಗಿ ವಾಪಸ್ ರುಬ್ಬೋಕಲ್ಲಿಗೆ ಹೋಗ್ತದೆ! ಹೊಟ್ಟೆ ಮೇಲೆ ಹೊಡೀಬೇಡಿ ತಾಯಿ!” ಜನ ನಕ್ಕರು. ಟೀಚರೂ ನಕ್ಕರು. ಆಮೇಲೆ ಗೋಣಿಯನ್ನು ಪಕ್ಕಕ್ಕೆ ಸರಿಸಿ ಬರಿಯ ಅಂಗೈಯನ್ನೇ ಗುಂಡಿನ ಮೇಲಿಟ್ಟರು. ಏನೂ ಸುಡಲಿಲ್ಲ. ಹಾಗೆ ಇಟ್ಟವರನ್ನು ನಮ್ಮೂರು ಅದುವರೆಗೆ ಕಂಡಿರಲಿಲ್ಲ.

ನನಗೆ ನಗು ಬರಲಿಲ್ಲ. ಗುಂಡಿನ ಎದುರಿಗೆ, ಗೆರೆಯಂಚಿಗೆ ಆಸ್ಪತ್ರೆ. ಅಲ್ಲಿಯ ಬಾಣಂತಿ ಕೋಣೆಯಲ್ಲಿ ನನ್ನ ಮಗಳು ಚಂದ್ರವ್ವ ಮಲಗಿದ್ದಳು. ಏಳನೇ ತಿಂಗಳಿಗೇ ಹೆರಿಗೆಯಾಗಿ ಎಂಟು ದಿನವಾಗಿತ್ತು. ಮಗು ಗಂಡು. ಪೇಟೆಯಲ್ಲಿ ಕೇಳಿದವರಿಗೆಲ್ಲ “ಆನೆಮರಿ ಕಣಯ್ಯ, ತೊಟ್ಟಿಲು ಸಾಲದೆ ಎತ್ತಿನ ಗಾಡೀಲಿ ಮಲಗಿಸಿದೀವಿ” ಎನ್ನುತ್ತಿದ್ದೆ. ಅದು ನನ್ನ ಎರಡು ಬೊಗಸೆಯಷ್ಟೂ ಇರಲಿಲ್ಲ. ಕೊಳವೆಯ ಕಾವಿನಲ್ಲಿ ಹತ್ತಿ ಸುತ್ತಿ ಇಟ್ಟಿದ್ದರು. ಕಾವು ನಿಂತರೆ ಮಗುವೂ ನಿಲ್ಲುತ್ತದೆಂದು ಫಿಲೋಮಿನಾ ಸಿಸ್ಟರು ಗೆರೆಯಾಚೆ ಕರೆದೊಯ್ದು ನನಗೆ ಸ್ಪಷ್ಟವಾಗಿ ಹೇಳಿದ್ದರು.

ಆ ಸಂಜೆ ಸಭೆ ಮುಗಿದದ್ದೇ ತಡ, ಗುಂಡಿನ ಪಕ್ಕ ನಿಂತು ಶುರುಮಾಡಿದೆ. ನಮ್ಮಜ್ಜಿ ಹುಣಸೆಮರವನ್ನೇ ಪೊರಕೆ ಮಾಡಿಕೊಂಡು ಅಂಗಳ ಗುಡಿಸುತ್ತಿದ್ದಳೆಂದೆ. ನಮ್ಮಪ್ಪ ಸೀನಿದ್ದಕ್ಕೆ ನಾಲೆ ಮೂರು ದಿನ ಹಿಂದಕ್ಕೆ ಹರಿಯಿತೆಂದೆ. ಗಂಟಲು ಹರಿಯುವ ಹೊತ್ತಿಗೆ ಕೋಣೆ ಬೆಚ್ಚಗಾಯಿತು. ಮಾರನೆಯ ದಿನ ಬೋರಲಿಂಗಯ್ಯನ ಸಭೆ. ಕೋಣೆ ಒಲೆಯಾಯಿತು, ಮಗುವಿನ ಮೈ ಕೆಂಪೇರಿತು. ಅದರ ಮಾರನೆಯ ದಿನ ಟೀಚರ ಸಭೆ. ಮಗು ನೀಲಿಗಟ್ಟಿತು.

ನಾನು ಟೀಚರ ಮನೆಗೆ ಹೋದೆ. “ಅಮ್ಮಾ, ಮೂರು ವಾರದ ಮಟ್ಟಿಗೆ ಒಂದೊಂದು ಸಣ್ಣ ಬಡಾಯಿ ಸೇರಿಸ್ಕೊಳ್ಳಿ. ನಿಮ್ಮ ಛತ್ರಿ ಮೇಲೆ ಗರುಡ ಗೂಡು ಕಟ್ಟಿತ್ತು ಅನ್ನಿ, ಸಾಕು. ಒಂದು ಜೀವ ಉಳೀತದೆ,” ಎಂದೆ.

ಟೀಚರು ಕೇಳಿದರು: “ಎಷ್ಟು ಬಿಸಿ ಇರಬೇಕಂತೆ ಕೋಣೆ?”

“ಹತ್ತು ಸೂರ್ಯ ಹುಟ್ಟಿದಷ್ಟು.”

“ಜವರಪ್ಪನೋರೇ, ನಾವೀಗ ಗೆರೆಯಾಚೆ ಇದೀವಿ.”

ನಮ್ಮೂರಲ್ಲಿ ಯಾರೂ ಕೋಣೆಯ ಕಾವನ್ನು ಅಳೆದಿರಲಿಲ್ಲ. ಟೀಚರು ಪೆಟ್ಟಿಗೆಯಿಂದ ಒಂದು ಥರ್ಮಾಮೀಟರು ತೆಗೆದುಕೊಂಡು ನನ್ನ ಜೊತೆ ಆಸ್ಪತ್ರೆಗೆ ಬಂದರು. ಮಗುವನ್ನು ನೋಡಿದರು, ಗಾಜಿನ ಕಡ್ಡಿಯನ್ನು ಗೋಡೆಗೆ ತೂಗುಹಾಕಿದರು, ಸಿಸ್ಟರ ಜೊತೆ ಪಿಸುಪಿಸು ಮಾತಾಡಿದರು. “ಮೂವತ್ತರಿಂದ ಮೂವತ್ತೆರಡು. ಆ ಎರಡು ಗೆರೆ ಮಧ್ಯ ಇರಬೇಕು. ನಾನು ಸುಳ್ಳು ಸೇರಿಸೋಕಾಗಲ್ಲ, ಆದರೆ ನನ್ನ ಭಾಷಣ ಚಿಕ್ಕದು ಮಾಡ್ತೀನಿ. ನೀವು ಎಷ್ಟು ಬೇಕೋ ಅಷ್ಟೇ ಬಡಾಯಿ ಹೇಳಿ. ಹೆಚ್ಚೂ ಬೇಡ.”

ಬಡಾಯಿಯನ್ನು ಅಳೆದು ಹೇಳುವುದೆಂದರೆ ಸಮುದ್ರವನ್ನು ಕೂಸಿಗೆ ಹಾಲು ಹಾಕುವ ಒಳಲೆಯಲ್ಲಿ ಕುಡಿಸಿದ ಹಾಗೆ. ಆದರೂ ಜವರಪ್ಪನಿಗೆ ಆಗದ್ದೇನಿದೆ? ನಾನು ಗುಂಡಿನ ಪಕ್ಕ, ಸಿಸ್ಟರು ಆಸ್ಪತ್ರೆಯ ಕಿಟಕಿಯಲ್ಲಿ. ನಾನು ಒಂದು ಬಡಾಯಿ ಬಿಟ್ಟರೆ ಅವರು ಬೆರಳೆತ್ತಿ ಎಷ್ಟು ಗೆರೆ ಏರಿತೆಂದು ತೋರಿಸುವರು. ಮೂರು ದಿನದಲ್ಲಿ ಒಂದು ಕಾಪಿ ಪುಸ್ತಕ ತುಂಬಿತು. ಅಜ್ಜಿಯ ಪೊರಕೆ, ಎರಡು ಗೆರೆ. ಅಪ್ಪನ ಸೀನು, ಮೂರು. ನನ್ನ ಮೀಸೆಗೆ ಕಾಗೆ ಜೋತುಬಿದ್ದದ್ದು, ಬರಿಯ ಅರ್ಧ. ನನಗೆ ಅವಮಾನವೇ ಆಯಿತು. ಆದರೆ ಬರೆಯುತ್ತ ಹೋದಂತೆ ನಮ್ಮ ತಾತನಿಗೂ ಗೊತ್ತಿಲ್ಲದ ಒಂದು ಸಂಗತಿ ಸಿಕ್ಕಿತು. ಅದೇ ಬಡಾಯಿಯನ್ನು ಎರಡನೇ ದಿನ ಹೇಳಿದರೆ ಅರ್ಧ ಕಾವು, ಮೂರನೇ ದಿನ ಸೊನ್ನೆ. ಗುಂಡಿಗೆ ಹಳೆಯದು ಹಿಡಿಸುವುದಿಲ್ಲ.

ಟೀಚರು ಪುಸ್ತಕ ನೋಡಿ ಹುಬ್ಬೇರಿಸಿದರು. “ಹಾಗಾದ್ರೆ ಬೋರಲಿಂಗಯ್ಯನೋರು ಹದಿನೈದು ವರ್ಷದಿಂದ ಅದೇ ಮಾತು ಹೇಳ್ತಿದಾರಲ್ಲ, ಊರಿಗೆ ಸಮುದ್ರ ತರಿಸ್ತೀನಿ ಅಂತ. ಅದಕ್ಕೆ ಹೇಗೆ ಕಾಯುತ್ತೆ?”

ನಾನು ಮೀಸೆ ತಿರುವಿ ಬೇರೆ ಕಡೆ ನೋಡಿದೆ. ಕಾರಣ ನನಗೆ ಗೊತ್ತಿತ್ತು. ನಿಮಗೂ ಹೇಳುತ್ತೇನೆ. ಗುಂಡಿನ ಬುಡದಲ್ಲಿ, ತೊಟ್ಟಿಯ ಹಿಂಬದಿ, ಕಲ್ಲು ಮುಚ್ಚಿದ ಒಂದು ಗೂಡು ಇದೆ. ಅಪ್ಪ ಸಾಯುವ ಮುಂಚೆ ಅದನ್ನು ತೋರಿಸಿ, “ಬಾಯಿ ಸೋತ ದಿನ ಇದ್ದಿಲು ಹಾಕು ಮಗನೇ, ಯಾರಿಗೂ ಹೇಳಬೇಡ,” ಎಂದಿದ್ದ. ಬಾಯಿ ಸೋತ ದಿನಗಳು ಬರಬರುತ್ತ ಹೆಚ್ಚಾದವು. ಬೋರಲಿಂಗಯ್ಯನಿಗೂ ಇದು ಗೊತ್ತು. ಅವನ ಸಭೆಗೆ ಮುಂಚೆ ಎರಡು ಬುಟ್ಟಿ ಹೆಚ್ಚಿಗೆ ಹಾಕು ಎಂದು ಅವನೇ ಹೇಳಿಕಳಿಸುತ್ತಿದ್ದ. ಊರಿನ ಅರ್ಧ ಕಾವು ಇದ್ದಿಲಿನದು. ಅದು ಹೊರಬಿದ್ದರೆ ಮೂರು ತಲೆಮಾರಿನ ನೌಕರಿಯೂ ಹೋಯಿತು, ನಮ್ಮ ಮನೆತನದ ಮೀಸೆಯೂ ಹೋಯಿತು.

ಕೊನೆಯ ದಿನ ಇಬ್ಬರದೂ ಒಂದೇ ಸಭೆ. ಚೀಟಿ ಎತ್ತಿದಾಗ ಟೀಚರ ಭಾಷಣ ಮೊದಲು ಬಂದಿತ್ತು. ಮಾಗಿಯ ಚಳಿ ಬೇರೆ. ಟೀಚರು ಮಾತು ಮುಗಿಸುವಷ್ಟರಲ್ಲಿ ಕೋಣೆ ತಣ್ಣಗಾದೀತೆಂದು ಹೆದರಿ, ಮಧ್ಯಾಹ್ನವೇ ಗೂಡಿಗೆ ಆರು ಬುಟ್ಟಿ ಇದ್ದಿಲು ತುಂಬಿ ಕೆಂಡ ಮಾಡಿದೆ. ನಿಜಕ್ಕೂ ಆರೇ. ಅವರ ನಿಜವೂ ನನ್ನ ಇದ್ದಿಲೂ ಒಂದಕ್ಕೊಂದು ಹೊಡೆದುಹೋಗಿ ಮೂವತ್ತೊಂದಕ್ಕೆ ನಿಲ್ಲುತ್ತದೆಂಬುದು ನನ್ನ ಲೆಕ್ಕ. ಬೃಹಸ್ಪತಿಗೂ ಹೊಳೆಯದ ಲೆಕ್ಕ.

ಸಂಜೆ ಐದಕ್ಕೆ ಬೋರಲಿಂಗಯ್ಯ ಹಾರ ಹಾಕಿಸಿಕೊಂಡು ಬಂದವನೇ ಸೀದಾ ಗೋಣಿಯ ಮೇಲೆ ಕೈಯಿಟ್ಟುಬಿಟ್ಟ. “ಟೀಚರಮ್ಮ ಹೆಣ್ಣುಮಗಳು, ಕತ್ತಲೆ ಮಾಡೋರು ಕೊನೇಗೆ ಮಾತಾಡ್ಲಿ!” ಎಂದ. ಜನ ಹೋ ಎಂದರು. ಟೀಚರು “ಆಯ್ತು, ಅವರೇ ಮುಗಿಸಲಿ” ಎಂದು ಛತ್ರಿ ಊರಿ ನಿಂತರು. ಈ ಸಲ ಆ ಪುಣ್ಯಾತ್ಮ ಹೊಸ ಮಾತು ಕಟ್ಟಿಕೊಂಡು ಬಂದಿದ್ದ.

“ಟೀಚರಮ್ಮ ನಾಲೆಗೆ ಚಕ್ರ ಹಾಕ್ತಾರಂತೆ. ನಾನು ಸೂರ್ಯನಿಗೇ ವೈರು ಎಳೆಸ್ತೀನಿ! ಸೂರ್ಯ ಮುಳುಗೋಕೆ ನಮ್ಮ ಆಫೀಸಲ್ಲಿ ಅರ್ಜಿ ಹಾಕ್ಬೇಕು! ಮನೆಗೊಬ್ಬ ವಿಜ್ಞಾನಿ ಕೊಡ್ತೀನಿ, ಹಾಸಿಗೆ ದಿಂಬು ಸಮೇತ! ಅಳೆಯೋದಂತೆ ಅಳೆಯೋದು, ನಮ್ಮ ವಿಜ್ಞಾನಿಗಳು ನೋಡಿದ್ರೆ ಸಾಕು, ಅಳತೆನೇ ಹೆದರಿ ಬಂದು ಒಪ್ಪಿಸ್ತದೆ! ಇನ್ನು ಶಾಲೆ. ಶಾಲೆ ಯಾಕ್ರಯ್ಯ? ಕೂಸು ಹೊಟ್ಟೇಲಿದ್ದಾಗ್ಲೇ ಡಿಗ್ರಿ ಕೊಡಿಸ್ತೀನಿ!”

ತೊಟ್ಟಿ ಉಕ್ಕಿತು. ಬಲ್ಬುಗಳು ಬೆಳ್ಳಗಾಗಿ ಒಂದೊಂದೇ ಸಿಡಿದವು. ಜನ ಚಪ್ಪಾಳೆ ಹೊಡೆದರು. ಕಿಟಕಿಯಲ್ಲಿ ಸಿಸ್ಟರು ಮೊದಲು ಬೆರಳು ತೋರಿಸಿದರು, ಆಮೇಲೆ ಬೆರಳು ಸಾಲದೆ ಓಡಿಯೇ ಬಂದರು. “ಮೂವತ್ತಾರು ದಾಟ್ತು ಜವರಪ್ಪಣ್ಣ! ಆಚೆ ತಂದ್ರೆ ಈ ಚಳಿಗೆ ಮಗು ತಡೆಯಲ್ಲ, ಒಳಗಿದ್ರೆ ಬೇಯ್ತದೆ. ಕೊಳವೆಗೆ ತಿರುಪು ಎಲ್ಲಿದೆ?”

ತಿರುಪು ಇರಲಿಲ್ಲ. ಕಾವು ಹೆಚ್ಚಾಯಿತೆಂದು ನಮ್ಮೂರಲ್ಲಿ ಅದುವರೆಗೆ ಯಾರೂ ದೂರಿರಲಿಲ್ಲ, ಹಾಗಾಗಿ ಕಡಿಮೆ ಮಾಡುವ ತಿರುಪನ್ನೇ ಯಾರೂ ಇಡಿಸಿರಲಿಲ್ಲ.

ಟೀಚರಿಗೆ ವಿಷಯ ತಿಳಿಯಿತು. ಗುಂಡಿನ ಹತ್ತಿರ ಹೋಗಿ, ಬೋರಲಿಂಗಯ್ಯನ ಅಬ್ಬರದ ನಡುವೆಯೇ, ಕೂಗಿ ಹೇಳಿದರು: “ಅರ್ಧ ದೀಪ ಮಾತ್ರ! ಎರಡು ಎರಡಲ ನಾಲ್ಕು! ನನಗೆ ಗೊತ್ತಿಲ್ಲ!” ಗುಂಡು ಕದಲಲಿಲ್ಲ. ಮೂರು ವಾರದಿಂದ ಅದನ್ನೇ ಕೇಳಿತ್ತಲ್ಲ. ಹಳೆಯ ಬಡಾಯಿ ಹೇಗೆ ಕಾಯಿಸದೋ ಹಳೆಯ ನಿಜವೂ ಹಾಗೆಯೇ ತಣಿಸದು. ಅದು ನಮ್ಮಿಬ್ಬರಿಗೂ ಒಟ್ಟಿಗೇ ಹೊಳೆಯಿತು. ಟೀಚರು ನನ್ನ ಮುಖ ನೋಡಿದರು.

ಗುಂಡಿನ ಮುಂದೆ ಯಾರೂ ಹೇಳಿರದ ನಿಜ ಒಂದೇ ಒಂದಿತ್ತು. ಅದು ನನ್ನ ಹತ್ತಿರ ಇತ್ತು.

ನಾನು ಗುಂಡಿನ ಮುಂದೆ ಹೋಗಿ ನಿಂತೆ. ಎಮ್ಮೆ ಓಡಿಸಿದ ಕಂಠ, ಆ ಹೊತ್ತಿನಲ್ಲಿ ಪಕ್ಕದವನಿಗೆ ಕೇಳಿದರೆ ಹೆಚ್ಚು. “ಈ ಗುಂಡಿನ ಬುಡದಲ್ಲಿ ಗೂಡಿದೆ. ಇದ್ದಿಲು ಹಾಕ್ತೀನಿ. ನಮ್ಮಪ್ಪನೂ ಹಾಕ್ತಿದ್ದ.”

ಟಕ್ ಎಂದಿತು ಗುಂಡು.

“ಏ ಜವರ! ಬಾಯಿ ಮುಚ್ಚೋ!” ಎಂದ ಬೋರಲಿಂಗಯ್ಯ.

“ಬೋರಲಿಂಗಯ್ಯನೋರು ಹೇಳಿಕಳಿಸಿದ ದಿನ ಎರಡು ಬುಟ್ಟಿ ಹೆಚ್ಚಿಗೆ. ಇವತ್ತು ನಾನಾಗೇ ಆರು ಹಾಕಿದೀನಿ. ನಿಮ್ಮ ಅರ್ಧ ದೀಪ ಇದ್ದಿಲಿನದು. ನನ್ನ ಮೊಮ್ಮಗ ಆನೆಮರಿ ಅಲ್ಲ. ಒಂದು ಕೇಜಿ ಮುನ್ನೂರು ಗ್ರಾಂ ಇದಾನೆ. ಬೇಯ್ತಾ ಇದಾನೆ.”

ಗುಂಡು ಒಂದೇ ಸಮನೆ ಟಕಟಕ ಎಂದಿತು. ಪೇಟೆಗೆ ಪೇಟೆಯೇ ಬಾಯಿ ಬಿಟ್ಟುಕೊಂಡು ನಿಂತಿತು. ಮೊದಲು ಚೇತರಿಸಿಕೊಂಡವಳು ಸಾಕವ್ವ. “ನೋಡ್ತಾ ನಿಂತ್ರೆ ಕೆಂಡ ಆರ್ತದೇನ್ರೋ, ಗಂಡಸ್ರಾ!” ಎಂದು ಹೋಟೆಲಿನ ಜಾಲರಿ, ಮೊರ, ದೋಸೆ ಮಗುಚುವ ಸಟ್ಟುಗ ಎಲ್ಲ ಹೊತ್ತು ತಂದಳು. ಹತ್ತು ಜನ ಸೇರಿ ಗೂಡಿನ ಕಲ್ಲು ಕಿತ್ತು ಕೆಂಡ ಎಳೆದರು. ಉಳಿದ ದೀಪಗಳೂ ಆರಿದವು. ಮುಸ್ಸಂಜೆಯ ಮಬ್ಬಿನಲ್ಲಿ ಕಿಟಕಿಯಿಂದ ಸಿಸ್ಟರ ದನಿ ಕೇಳಿಸಿತು: “ಮೂವತ್ತನಾಲ್ಕು... ಮೂವತ್ತಮೂರು... ಮೂವತ್ತೊಂದು. ಸಾಕು, ಸಾಕು, ಇನ್ನು ನಿಜ ಹೇಳಬೇಡಿ!”

ಕೂಡಲೇ ಎಲ್ಲರೂ ನನ್ನ ಕಡೆ ನೋಡಿದರು. ನಾನು ಗಂಟಲು ಸರಿಮಾಡಿಕೊಂಡು, ಈ ಊರಿನಲ್ಲಿ ನನ್ನಷ್ಟು ಪ್ರಾಮಾಣಿಕ ಮೂರು ಲೋಕದಲ್ಲೂ ಇಲ್ಲವೆಂದೆ. ಅರ್ಧ ಗೆರೆ ಏರಿ ನಿಂತಿತು.

ಟೀಚರು ಗೆದ್ದರು, ಒಂಬತ್ತು ಓಟಿನಿಂದ. ಎಣಿಕೆಯವರು ಗೆರೆಯೊಳಗೆ ನಿಂತಿದ್ದರಿಂದ ತೊಂಬತ್ತು ಎಂದು ಕೂಗಿದರು. ಅವರು ಮೊದಲು ಮಾಡಿಸಿದ ಕೆಲಸ ಕೊಳವೆಗೆ ತಿರುಪು. ಎರಡನೆಯದು ನನ್ನನ್ನು ನೌಕರಿಯಿಂದ ತೆಗೆದದ್ದು. ಆರ್ಡರನ್ನು ಮನೆಗೇ ತಂದುಕೊಟ್ಟು, “ನೀವು ಒಳ್ಳೇ ಕೆಲಸಾನೇ ಮಾಡಿದಿರಿ. ಆದರೆ ಇಷ್ಟು ವರ್ಷ ಊರಿಗೆ ಮೋಸ ಮಾಡಿದ್ದು ಮೋಸಾನೇ,” ಎಂದರು. ಒಳ್ಳೆಯದು ಕೆಟ್ಟದ್ದು ಎರಡನ್ನೂ ಒಂದೇ ದನಿಯಲ್ಲಿ ಹೇಳುವ ಹೆಂಗಸು. ನಾಲೆಯ ಚಕ್ರ ತಿರುಗಿದಾಗ ಅರ್ಧ ದೀಪ ಉರಿಯಲಿಲ್ಲ, ಮೂರನೇ ಒಂದು ಪಾಲು ಉರಿಯಿತು. “ನಾನು ಅರ್ಧ ಅಂದಿದ್ದೆ, ತಪ್ಪಾಗಿತ್ತು,” ಎಂದು ಪೇಟೆಯಲ್ಲೇ ನಿಂತು ಹೇಳಿ ಹತ್ತು ಕೊಡ ನೀರು ಹೊತ್ತರು. ಶಾಲೆ ಹುಣಸೆಮರದ ಕೆಳಗೆ ಹೋಯಿತು. ಮಕ್ಕಳು ಈಗ ಎರಡೆರಡಲ ನಾಲ್ಕು ಎನ್ನುತ್ತವೆ, ಮಗ್ಗಿ ಅಷ್ಟು ಚಿಕ್ಕದಾದದ್ದಕ್ಕೆ ನನಗೆ ಇವತ್ತಿಗೂ ಬೇಸರವಿದೆ. ಮಿಕ್ಕ ದೀಪಕ್ಕೂ ಇಡ್ಲಿಗೂ ಗುಂಡೇ ಗತಿಯಾದ್ದರಿಂದ ದಿನಕ್ಕೊಬ್ಬರು ಸರದಿಯಲ್ಲಿ ಹೊಸ ಬಡಾಯಿ ಹೇಳುತ್ತಾರೆ. ನನ್ನದು ಈಗ ತೊಟ್ಟಿಗೆ ಕಟ್ಟಿದ ಥರ್ಮಾಮೀಟರು ನೋಡಿ ಬರೆಯುವ ಕೆಲಸ. ಬೇರೆ ಯಾರಿಗೂ ಕಡ್ಡಿಯ ಗೆರೆ ಕಾಣುವುದಿಲ್ಲ. ನನಗೆ ಹದ್ದಿನ ಕಣ್ಣು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಚಂದ್ರವ್ವ ಮಗುವನ್ನೆತ್ತಿಕೊಂಡು ಆಸ್ಪತ್ರೆಯಿಂದ ಹೊರಗೆ ಬಂದಳು. ಮನೆಗೆ ಹೋಗುವ ದಾರಿ ಗುಂಡಿನ ಪಕ್ಕದಲ್ಲೇ. ಸಾಕವ್ವ ಕೈಯೊರಸಿಕೊಳ್ಳುತ್ತ ಬಂದು ಸೆರಗು ಸರಿಸಿ ನೋಡಿದಳು. “ಏನು ಜವರಪ್ಪಣ್ಣ, ಆನೆಮರಿ ಎಷ್ಟು ತೂಕ ಬಂತು?”

ಪೇಟೆ ಕಿವಿಗೊಟ್ಟು ನಿಂತಿತು. ಎತ್ತಿನ ಗಾಡಿ, ಉಕ್ಕಿನ ತೊಟ್ಟಿಲು, ಮುರಿದ ತಕ್ಕಡಿ, ಎಲ್ಲವೂ ನಾಲಗೆಯ ತುದಿಗೆ ಬಂದಿದ್ದವು.

“ಎರಡು ಕೇಜಿ ನೂರು ಗ್ರಾಂ,” ಎಂದೆ.

ಸಾಕವ್ವ ಇಡ್ಲಿಯ ಚಿಂತೆಯಿಂದ ತೊಟ್ಟಿಯ ಕಡೆ ನೋಡಿದಳು. ನಾನೂ ಕಡ್ಡಿ ನೋಡಿದೆ. ಗೆರೆ ಇಳಿದಿರಲಿಲ್ಲ. ಒಂದು ಗೆರೆ ಮೇಲಕ್ಕೆ ಏರಿತ್ತು. ಬಿಸಿಲು ಬಿದ್ದಿರಬೇಕೆಂದು ಕೈ ಅಡ್ಡ ಹಿಡಿದೆ, ಏರಿದ್ದು ಏರಿದ ಹಾಗೇ ಇತ್ತು. ಟೀಚರನ್ನು ಕರೆಸಿದೆವು. ಅವರು ಛತ್ರಿ ಬಿಚ್ಚಿ ನೆರಳು ಮಾಡಿ ಮೂರು ಸಲ ನೋಡಿದರು.

“ಯಾಕಮ್ಮ ಹೀಗೆ?” ಎಂದೆ.

“ಗೊತ್ತಿಲ್ಲ ಜವರಪ್ಪನೋರೇ. ಬರ್ಕೊಳಿ.”

ಬರೆದುಕೊಂಡೆ. ಆಮೇಲೆ ಗೆರೆಯೊಳಗೆ ಸಾದಾ ಮಾತು ಆಡಿದ ತಪ್ಪಿಗೆ ತೊಟ್ಟಿಗೆ ನೀರು ಹೊತ್ತೆ. ಎಷ್ಟು ಕೊಡ ಎಂದು ನೀವು ಕೇಳಿದರೆ ಸಾವಿರ ಎನ್ನುತ್ತೇನೆ. ಪುಸ್ತಕದಲ್ಲಿ ಹತ್ತೆಂದೇ ಇದೆ.